ಮೈಸೂರು ರಸ್ತೆಯ ಪಾಲುಪತ್ರಗಳು

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಡುವ ಹೆದ್ದಾರಿಯಲ್ಲಿ ದೀಪಾಂಜಲಿ ನಗರವನ್ನು ದಾಟುವಾಗ ಬಿ.ಎಚ್.ಇ.ಎಲ್. ಸಂಸ್ಥೆಯ ಇಲೆಕ್ಟ್ರಾನಿಕ್ಸ್ ವಿಭಾಗದ ಕಾರ್ಖಾನೆ ಕಾಣಸಿಗುತ್ತದೆ. ವಿಜಯನಗರದ ಹಳಬರ ಬಾಯಲ್ಲಿ ಇಂದಿಗೂ ಅದಕ್ಕೆ ರೆಮ್ಕೊ ಎಂಬ ಹೆಸರೇ ಬರುವುದುಂಟು. ರೇಡಿಯೋ ಹಾಗೂ ವಿದ್ಯುತ್ ಉಪಕರಣಗಳ ತಯಾರಿಕೆಗಾಗಿ ಹುಟ್ಟಿದ್ದ ಆ ಸಂಸ್ಥೆಯನ್ನು 1976ರಲ್ಲಿ ಬಿ.ಎಚ್.ಇ.ಎಲ್. ವಹಿಸಿಕೊಂಡಿತು. ರೇಡಿಯೋ ಲೋಕದಿಂದ ಮರೆಯಾಗಲಿಲ್ಲ. ಆಕಾಶವಾಣಿ ಇಂದಿಗೂ ನುಡಿಯುತ್ತಿದೆ. ಆದರೆ ರೇಡಿಯೋ ತಯಾರಿಸುತ್ತಿದ್ದ ಸಂಸ್ಥೆಯ ಹೆಸರು ಉಳಿದದ್ದು ಬಡಾವಣೆಯ ಫಲಕದ ಮೇಲೆ ಮಾತ್ರ.

ಇದೇ ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಕೆಲವು ಮೈಲಿ ಮುಂದುವರಿದರೆ ಪಟ್ಟಣಗೆರೆಯ ಬಳಿ ಗ್ಲೋಬಲ್ ವಿಲೇಜ್ ಎಂಬ ವಿಸ್ತಾರವಾದ ತಂತ್ರಜ್ಞಾನ ಆವರಣವಿದೆ. ಮೈಂಡ್‌ಟ್ರೀ ಎಂಬ ತಂತ್ರಾಂಶ ಸಂಸ್ಥೆಯ ಪ್ರಧಾನ ಕಚೇರಿ ಇದ್ದುದು ಅಲ್ಲಿಯೇ. ಆ ಹೆಸರಿನ ಸ್ವತಂತ್ರ ಸಂಸ್ಥೆಯೂ ಈಗಿಲ್ಲ. ಒಂದೇ ರಸ್ತೆಯ ಈ ಎರಡು ನಿವೇಶನಗಳ ನಡುವೆ ನಮ್ಮ ಪಶ್ಚಿಮ ಬೆಂಗಳೂರಿನ ಮಧ್ಯಮ ವರ್ಗದ ಉಳಿತಾಯದ ಇತಿಹಾಸದ ಒಂದು ಅಧ್ಯಾಯವೇ ಅಡಗಿದೆ. ಒಂದು ತಂತ್ರಜ್ಞಾನ ಗೆಲ್ಲುವುದು, ಅದನ್ನು ನೆಚ್ಚಿದ ಸಂಸ್ಥೆ ಬದುಕುವುದು, ಆ ಸಂಸ್ಥೆಯಲ್ಲಿ ಹಣ ತೊಡಗಿಸಿದವನಿಗೆ ಲಾಭವಾಗುವುದು ಇವು ಮೂರೂ ಬೇರೆಬೇರೆ ಸಂಗತಿಗಳು. ಅವನ್ನು ಒಂದೇ ಎಂದು ಭಾವಿಸಿ ಕೈಸುಟ್ಟುಕೊಂಡವರ ಸಂಖ್ಯೆ ಚಿಕ್ಕದಲ್ಲ. ಈ ಲೇಖಕನೂ ಅವರಲ್ಲೊಬ್ಬ. ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರ ಕೈ ಸುಡಲು ಕಾರಣನಾದವನು. ಆ ಮಾತು ಮುಂದೆ ಬರುತ್ತದೆ.

ಹೊಸ ತಂತ್ರಜ್ಞಾನದಲ್ಲಿ ಹಣ ಹೂಡುವ ಸಾಹಸ ಈ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಜಲವಿದ್ಯುತ್ ಯೋಜನೆಯನ್ನು ಕೈಗೆತ್ತಿಕೊಂಡಾಗ, ವಿದ್ಯುತ್ತನ್ನು ದೂರಕ್ಕೆ ಸಾಗಿಸುವ ವಿದ್ಯೆ ಇನ್ನೂ ಎಳೆಯದಾಗಿತ್ತು. ನೇರ ಪ್ರವಾಹ ಮೇಲೋ ಪರ್ಯಾಯ ಪ್ರವಾಹ ಮೇಲೋ ಎಂಬ ಜಗಳ ಅಮೆರಿಕದಲ್ಲಿ ತಣ್ಣಗಾಗಿ ಹೆಚ್ಚು ಕಾಲವಾಗಿರಲಿಲ್ಲ. ಅಂಥ ದಿನಗಳಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದು, 1902ರ ಜೂನ್ ತಿಂಗಳಲ್ಲಿ ವಿದ್ಯುತ್ ಹರಿಸಲಾಯಿತು. ಆಗ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದಾಗಿತ್ತು. ಈ ಸಾಹಸವನ್ನು ಕೊಂಡಾಡುವ ನಾವು ಒಂದು ಅಂಶವನ್ನು ಸಾಮಾನ್ಯವಾಗಿ ಮರೆಯುತ್ತೇವೆ: ತಂತಿ ಎಳೆಯುವ ಮೊದಲೇ ಗಣಿಗಳೊಡನೆ ವಿದ್ಯುತ್ ಖರೀದಿಯ ಒಪ್ಪಂದವಾಗಿತ್ತು. ಯಂತ್ರ ಹೊಸದು, ದೂರ ಹೊಸದು. ಆದರೆ ಕೊಳ್ಳುವವನು ಯಾರು, ಎಷ್ಟು ಕೊಡುತ್ತಾನೆ ಎಂಬುದು ತಿಳಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದ್ದು ಆ ಲೆಕ್ಕಾಚಾರದ ಬೆನ್ನ ಮೇಲೆ.

ಆ ವಿದ್ಯುತ್ತನ್ನು ನೆಚ್ಚಿ ಅರ್ಧ ಶತಮಾನದ ನಂತರ ಬೆಳೆದದ್ದು ರಾಜಾಜಿನಗರ. ಮೊದಲಿಗೆ ಕೈಗಾರಿಕಾ ಉಪನಗರವೆಂದೇ ಯೋಜಿತವಾದ ಈ ಭಾಗದಲ್ಲಿ ಮನೆ ಮಾಡಿದವರಿಗೆ ಬಂಡವಾಳವೆಂದರೆ ಕಣ್ಣಿಗೆ ಕಾಣುವ ವಸ್ತು: ಲೇತು, ಮೋಟಾರು, ಅಚ್ಚು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳಿದ್ದವು. ಇಂದು ಆ ನೆಲದ ಮೇಲೆ ಒರಾಯನ್ ಮಾಲ್ ನಿಂತಿದೆ. ಷೇರುಗಳೆಂದರೆ ಶೆಟ್ಟರು, ಸೇಠರು, ದೊಡ್ಡ ವಕೀಲರು ಕೊಳ್ಳತಕ್ಕ ಕಾಗದಗಳೆಂಬ ಭಾವನೆಯಿತ್ತು. 1963ರಲ್ಲಿಯೇ ಮಾನ್ಯತೆ ಪಡೆದಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರದ ಹೆಸರು ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಕೇಳಿಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ.

ಹೀಗಿರುವಾಗ 1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಂಸ್ಥೆ ಸಾರ್ವಜನಿಕರಿಂದ ಷೇರು ಬಂಡವಾಳ ಕೇಳಿತು. 10 ರೂಪಾಯಿ ಮುಖಬೆಲೆಯ ಷೇರಿಗೆ 95 ರೂಪಾಯಿ. ಕಟ್ಟಡವಿಲ್ಲ, ಯಂತ್ರವಿಲ್ಲ, ಸಂಜೆಯಾದರೆ ಮನೆಗೆ ಹೋಗುವ ಹುಡುಗರೇ ಆಸ್ತಿ. ಅಂಥದ್ದಕ್ಕೆ ಒಂಬತ್ತೂವರೆ ಪಟ್ಟು ಬೆಲೆಯೇ ಎಂದು ಜನ ಮೂಗೆಳೆದರು. ಕೇಳಿದಷ್ಟು ಹಣ ಸಾರ್ವಜನಿಕರಿಂದ ಬರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಎಂಬ ಅಮೆರಿಕದ ಹಣಕಾಸು ಸಂಸ್ಥೆ ಅದೇ ಬೆಲೆಗೆ ಶೇಕಡಾ 13ರಷ್ಟು ಪಾಲನ್ನು ಕೊಂಡು ಕೈಹಿಡಿಯಿತು. ಜೂನ್ ತಿಂಗಳಲ್ಲಿ ಪೇಟೆಗೆ ಬಂದ ಷೇರು 145 ರೂಪಾಯಿಗೆ ತೆರೆಯಿತು. ಮುಂದಿನದು ಸರ್ವವಿದಿತ.

ಸರ್ವವಿದಿತವಾದುದೇ ಅನರ್ಥಕ್ಕೂ ಕಾರಣವಾಯಿತೆಂಬುದು ನನ್ನ ಅಭಿಪ್ರಾಯ. ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯ ಮನೆ, ತಿಥಿಯ ಮನೆ, ಬಸ್ ನಿಲ್ದಾಣ, ಎಲ್ಲೆಡೆ ಒಂದೇ ಮಾತು: ಅಂದು ನೂರು ಷೇರು ಕೊಂಡಿದ್ದರೆ! 9,500 ರೂಪಾಯಿ ಇಂದು ಎಷ್ಟಾಗುತ್ತಿತ್ತೆಂಬ ಗುಣಾಕಾರವನ್ನು ಶಾಲೆಯ ಮಕ್ಕಳೂ ಮಾಡುತ್ತಿದ್ದರು. ಅದೇ ವರ್ಷಗಳಲ್ಲಿ ಸಾರ್ವಜನಿಕರಿಂದ ಹಣ ಸಂಗ್ರಹಿಸಿ ವಿಳಾಸವೂ ಉಳಿಯದಂತೆ ಮಾಯವಾದ ಕಂಪನಿಗಳ ಗುಣಾಕಾರವನ್ನು ಯಾರೂ ಮಾಡಲಿಲ್ಲ. ನಮ್ಮ ಪೂರ್ವಿಕರು ಗೆದ್ದವನಿಗೆ ಶಾಸನ ಬರೆಸಿದಂತೆ ಹೋರಾಡಿ ಬಿದ್ದವನಿಗೂ ವೀರಗಲ್ಲು ನೆಡುತ್ತಿದ್ದರು. ಊರ ಮುಂದಿನ ಆ ಕಲ್ಲನ್ನು ನೋಡಿ ಯುದ್ಧದಲ್ಲಿ ಸಾವೂ ಇದೆಯೆಂದು ಹುಡುಗರು ತಿಳಿಯುತ್ತಿದ್ದರು. ಷೇರು ಪೇಟೆಯಲ್ಲಿ ಬಿದ್ದವರಿಗೆ ಕಲ್ಲು ನೆಡುವ ಪದ್ಧತಿಯಿಲ್ಲ.

2000ದ ಫೆಬ್ರವರಿ 11ರಂದು ಮುಂಬಯಿ ಷೇರು ಸೂಚ್ಯಂಕ 5,933ಕ್ಕೆ ಮುಟ್ಟಿತು. ಅದೇ ತಿಂಗಳಲ್ಲಿ ವಿಪ್ರೋ ಷೇರಿನ ಬೆಲೆ 10,000 ರೂಪಾಯಿಯ ಸಮೀಪಕ್ಕೆ ಏರಿತು. ಅಮಳನೇರಿನಲ್ಲಿ ವನಸ್ಪತಿ ತಯಾರಿಕೆಯಿಂದ ಆರಂಭವಾದ ಸಂಸ್ಥೆ ಅದು. ಅಂದಿನ ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿತ್ತೋ ಕಾಣೆ. ಅಮೆರಿಕದ ನಾಸ್ಡಾಕ್ ಸೂಚ್ಯಂಕ ಮಾರ್ಚ್ 10ರಂದು 5,048ರ ಶಿಖರ ತಲುಪಿ, ಅಲ್ಲಿಂದ ಉರುಳತೊಡಗಿ, 2002ರ ಅಕ್ಟೋಬರ್ ವೇಳೆಗೆ 1,114ಕ್ಕೆ ಬಂದು ನಿಂತಿತು. ಆ ಹಳೆಯ ಶಿಖರವನ್ನು ಅದು ಮತ್ತೆ ಕಂಡದ್ದು 2015ರಲ್ಲಿ. ಹದಿನೈದು ವರ್ಷ! ಶಿಖರದ ದಿನ ಐವತ್ತೈದರ ವಯಸ್ಸಿನಲ್ಲಿ ಕೊಂಡವನು ಅಸಲು ಕಾಣಲು ಎಪ್ಪತ್ತಾಗಬೇಕಿತ್ತು. 2001ರ ಸೆಪ್ಟೆಂಬರಿನಲ್ಲಿ ನಮ್ಮ ಸೂಚ್ಯಂಕ 2,600ರ ಆಸುಪಾಸಿನಲ್ಲಿತ್ತು. ವಿಪ್ರೋ ಷೇರು ತನ್ನ ಶಿಖರದ ಐದನೆಯ ಒಂದು ಭಾಗಕ್ಕಿಂತಲೂ ಕೆಳಗಿತ್ತು. ಗಮನಿಸಬೇಕಾದುದೆಂದರೆ ಆ ಸಂಸ್ಥೆಯ ವ್ಯವಹಾರಕ್ಕೆ ಅಂಥ ಕೇಡೇನೂ ಆಗಿರಲಿಲ್ಲ. ಅದು ಬದುಕಿತು, ಬೆಳೆಯಿತು. ಅಂತರಜಾಲವು ಲೋಕವನ್ನೇ ಬದಲಿಸುತ್ತದೆಂದು 2000ದಲ್ಲಿ ಹೇಳಿದವರ ಮಾತು ಅಕ್ಷರಶಃ ನಿಜವಾಯಿತು. ಮಾತು ನಿಜವಾಯಿತು, ಕೊಟ್ಟ ಬೆಲೆ ಮಾತ್ರ ಸುಳ್ಳಾಯಿತು.

ಷೇರಿನ ಗಂಧವೇ ಇಲ್ಲದವರೂ ಪಾರಾಗಲಿಲ್ಲ. ಯೂನಿಟ್ ಟ್ರಸ್ಟಿನ ಯು.ಎಸ್. 64 ಯೋಜನೆಯನ್ನು ನಿವೃತ್ತರು ಅಂಚೆ ಕಚೇರಿಯ ಠೇವಣಿಯಷ್ಟೇ ಭದ್ರವೆಂದು ನಂಬಿದ್ದರು. ಆ ಹಣದಲ್ಲಿ ಸಾಕಷ್ಟು ಪಾಲು ತಂತ್ರಜ್ಞಾನದ ಷೇರುಗಳಿಗೆ ಹೋಗಿತ್ತೆಂಬುದು 2001ರ ಜುಲೈ ಆರಂಭದಲ್ಲಿ ಯೂನಿಟ್‌ಗಳ ಮಾರಾಟವನ್ನೂ ಮರುಖರೀದಿಯನ್ನೂ ಆರು ತಿಂಗಳ ಕಾಲ ನಿಲ್ಲಿಸಿದಾಗ ಅವರಿಗೆ ತಿಳಿಯಿತು. ತನ್ನ ಹಣವನ್ನು ತಾನೇ ಅಪಾಯಕ್ಕೊಡ್ಡುವುದು ಒಂದು. ಭದ್ರತೆಯ ಹೆಸರಿನಲ್ಲಿ ಪಡೆದ ಪರರ ಹಣವನ್ನು ಅವರಿಗೆ ತಿಳಿಯದಂತೆ ಅಪಾಯಕ್ಕೊಡ್ಡುವುದು ಇನ್ನೊಂದು. ಮೊದಲನೆಯದು ಅವಿವೇಕವಾಗಬಹುದು. ಎರಡನೆಯದನ್ನು ಅವಿವೇಕವೆಂದು ಕರೆದು ಬಿಟ್ಟುಬಿಡಲಾಗದು.

ಇಲ್ಲಿ ನನ್ನ ಮಾತನ್ನು ಹೇಳಬೇಕು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವನಾದ್ದರಿಂದ ಬೀದಿಯವರು ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳುತ್ತಿದ್ದರು. 1999ರ ಕೊನೆಯಲ್ಲಿ ಎದುರು ಮನೆಯ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ನಿವೃತ್ತಿ ಹಣದ ಒಂದು ಭಾಗವನ್ನು ಎಲ್ಲಿ ಇಡಲೆಂದು ಕೇಳಿದರು. ನಾನೇ ಷೇರು ಕೊಂಡಿದ್ದ ಒಂದು ಸಣ್ಣ ತಂತ್ರಾಂಶ ಕಂಪನಿಯ ಹೆಸರು ಹೇಳಿದೆ. ಅವರು ಕೊಂಡರು. ಫೆಬ್ರವರಿಯಲ್ಲಿ ಮಗಳ ಮದುವೆಗೆ ಹಣ ಬೇಕಾಗಿ ನನ್ನ ಷೇರುಗಳನ್ನು ಮಾರಿದೆ. ಬೆಲೆ ಚೆನ್ನಾಗಿಯೇ ಬಂತು. ಮಾರಿದ ಸಂಗತಿಯನ್ನು ಅವರಿಗೆ ಹೇಳಲಿಲ್ಲ. ಹೇಳಬಾರದೆಂಬ ಉದ್ದೇಶವಿರಲಿಲ್ಲ, ಮದುವೆಯ ಓಡಾಟದಲ್ಲಿ ಹೇಳಲಾಗಲಿಲ್ಲ ಎಂದು ಬಹುಕಾಲ ಸಮಾಧಾನ ಮಾಡಿಕೊಂಡೆ. ಮದುವೆಯ ಮನೆಗೆ ಅವರು ಬಂದಿದ್ದರು, ನನ್ನ ಪಕ್ಕದಲ್ಲಿಯೇ ಊಟಕ್ಕೆ ಕುಳಿತಿದ್ದರು. ಎರಡು ವರ್ಷದೊಳಗೆ ಆ ಕಂಪನಿಯ ಷೇರಿಗೆ ಕೊಳ್ಳುವವರೇ ಇಲ್ಲವಾದರು.

ಮೈಸೂರು ರಸ್ತೆಗೆ ಹಿಂದಿರುಗೋಣ. ಮೈಂಡ್‌ಟ್ರೀ ಸ್ಥಾಪನೆಯಾದದ್ದು ಈ ಏರುಬ್ಬರದ ನಡುವೆಯೇ, 1999ರ ಆಗಸ್ಟ್‌ನಲ್ಲಿ. ಅಶೋಕ್ ಸೂತಾ, ಸುಬ್ರತೊ ಬಾಗ್ಚಿ ಮೊದಲಾಗಿ ಹತ್ತು ಮಂದಿ ಅನುಭವಿಗಳು ಸೇರಿ ಕಟ್ಟಿದರು. ಮೊದಲ ಬಂಡವಾಳ ಒದಗಿಸಿದವರಲ್ಲಿ ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಒಬ್ಬರು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಅವರು ತೆರೆದ ಮೊದಲ ಕಾಫಿ ಡೇ ಅಂಗಡಿ ಅಂತರಜಾಲ ಒದಗಿಸುವ ಅಂಗಡಿಯೂ ಆಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಪಟ್ಟಣಗೆರೆಯ ಗ್ಲೋಬಲ್ ವಿಲೇಜನ್ನು ಬೆಳೆಸಿದ್ದೂ ಅವರ ಬಳಗವೇ. ಶಿಖರ ಕುಸಿದ ಮೇಲೆ ಹುಟ್ಟಿದ ವರ್ಷವೇ ಮುಚ್ಚಿಹೋದ ಕಂಪನಿಗಳ ನಡುವೆ ಮೈಂಡ್‌ಟ್ರೀ ಉಳಿಯಿತು. 2007ರ ಫೆಬ್ರವರಿಯಲ್ಲಿ 425 ರೂಪಾಯಿ ಬೆಲೆಗೆ ಸಾರ್ವಜನಿಕರಿಗೆ ಷೇರು ನೀಡಿದಾಗ ಕೇಳಿದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಅರ್ಜಿಗಳು ಬಂದವು. 1993ರ ತಪ್ಪನ್ನು ಮತ್ತೆ ಮಾಡಬಾರದೆಂದು ಜನ ನಿರ್ಧರಿಸಿದಂತಿತ್ತು.

ಮರು ವರ್ಷವೇ ಜಗತ್ತಿನ ಹಣಕಾಸು ಪೇಟೆ ಕುಸಿದು, ಈ ಷೇರೂ ನೀಡಿದ ಬೆಲೆಗಿಂತ ಬಹಳ ಕೆಳಕ್ಕಿಳಿಯಿತು. ಅದರ ಬೆನ್ನಿಗೆ ಸಂಸ್ಥೆ ತನ್ನ ಜೀವಮಾನದ ದೊಡ್ಡ ಪ್ರಯೋಗಕ್ಕೆ ಕೈಹಾಕಿತು. 2009ರಲ್ಲಿ ಜಪಾನಿನ ಕ್ಯೋಸೆರಾ ಸಂಸ್ಥೆಯ ಭಾರತದ ದೂರವಾಣಿ ಘಟಕವನ್ನು ಕೊಂಡು, ಸ್ವಂತವಾಗಿ ಸ್ಮಾರ್ಟ್‌ಫೋನ್ ರೂಪಿಸಲು ಹೊರಟಿತು. ವಿಚಾರ ತಪ್ಪೆನ್ನುವಂತಿರಲಿಲ್ಲ. ಐಫೋನ್ ಬಂದು ಎರಡು ವರ್ಷವಾಗಿತ್ತು; ಆಂಡ್ರಾಯ್ಡ್ ಆಗಷ್ಟೇ ಕಣ್ತೆರೆದಿತ್ತು; ಕೈಯೊಳಗಿನ ಈ ಯಂತ್ರ ಮನೆಮನೆಗೂ ಬರುತ್ತದೆಂಬ ಊಹೆ ನೂರಕ್ಕೆ ನೂರು ಸರಿಯಾಗಿತ್ತು. ಆದರೆ ಗಂಟೆಯ ಲೆಕ್ಕದಲ್ಲಿ ಪರರಿಗೆ ತಂತ್ರಾಂಶ ಬರೆದುಕೊಡುವ ಸಂಸ್ಥೆಗೂ ವಸ್ತುವೊಂದನ್ನು ತಯಾರಿಸಿ ಅಂಗಡಿಗೆ ಕಳಿಸುವ ಸಂಸ್ಥೆಗೂ ಬಹಳ ಅಂತರವಿದೆ. ಮೊದಲನೆಯದು ಕೆಲಸ ಮಾಡಿದಂತೆ ಹಣ ಪಡೆಯುತ್ತದೆ. ಎರಡನೆಯದು ಮೊದಲು ಹಣ ಸುರಿದು, ಆರು ತಿಂಗಳಿಗೊಮ್ಮೆ ಹಳತಾಗುವ ವಸ್ತುವನ್ನು ಹೊತ್ತು ಕಾಯಬೇಕು. ಕೊರಿಯಾ, ಚೀನಾಗಳ ದೈತ್ಯರು ಲಕ್ಷಗಟ್ಟಲೆ ತಯಾರಿಸಿ ಬೆಲೆಯಿಳಿಸುವ ಕಣದಲ್ಲಿ ಬೆಂಗಳೂರಿನ ಈ ಸಂಸ್ಥೆ ಒಂದು ವರ್ಷದೊಳಗೇ ಪ್ರಯತ್ನವನ್ನು ಕೈಬಿಟ್ಟಿತು. 2011ರ ಆರಂಭದಲ್ಲಿ ಅಶೋಕ್ ಸೂತಾ ಸಂಸ್ಥೆಯನ್ನು ತೊರೆಯುವುದಾಗಿ ಪ್ರಕಟಿಸಿದರು. ನನ್ನ ದೃಷ್ಟಿಯಲ್ಲಿ ಅಲ್ಲಿನ ನಿಜವಾದ ವಿವೇಕ ಪ್ರಯತ್ನದಲ್ಲಿರಲಿಲ್ಲ, ಬೇಗ ಕೈಬಿಟ್ಟುದರಲ್ಲಿತ್ತು. ಹಾಕಿದ ಹಣದ ಮೋಹಕ್ಕೆ ಇನ್ನಷ್ಟು ಹಣ ಹಾಕುವುದೇ ಲೋಕರೂಢಿ.

ಸಂಸ್ಥೆ ಮರಳಿ ತನ್ನ ಕಸುಬಿಗೆ ಬಂದಿತು. 2014ರಲ್ಲೊಮ್ಮೆ, 2016ರಲ್ಲೊಮ್ಮೆ ಒಂದಕ್ಕೊಂದರಂತೆ ಬೋನಸ್ ಷೇರು ನೀಡಿತು. 2007ರಲ್ಲಿ 425 ರೂಪಾಯಿಗೆ ಪಡೆದ ಒಂದು ಷೇರು ಹೀಗೆ ನಾಲ್ಕಾಯಿತು. 2019ರ ಮಾರ್ಚ್‌ನಲ್ಲಿ ಲಾರ್ಸೆನ್ ಅಂಡ್ ಟೂಬ್ರೋ ಸಂಸ್ಥೆ ಷೇರೊಂದಕ್ಕೆ 980 ರೂಪಾಯಿಯಂತೆ ಕೊಳ್ಳಲು ಮುಂದಾದಾಗ ಆ ನಾಲ್ಕರ ಬೆಲೆ 3,920 ರೂಪಾಯಿ. ಹನ್ನೆರಡು ವರ್ಷದಲ್ಲಿ ಒಂಬತ್ತು ಪಟ್ಟು. ಯಾವ ಠೇವಣಿಯೂ ಕೊಡದ ಲಾಭ ಇದು. ಆದರೆ ಇದನ್ನು ಪಡೆದವನು ಒಂದನ್ನು ಮಾಡಿರಬೇಕಿತ್ತು: 2008ರ ಕುಸಿತದಲ್ಲಿಯೂ 2010ರ ವೈಫಲ್ಯದಲ್ಲಿಯೂ ಮಾರದೆ ಇರಬೇಕಿತ್ತು. ಮಾರದೆ ಇರಲು ಬೇಕಾದುದು ಧೈರ್ಯವೆಂದು ಪೇಟೆಯ ಪಂಡಿತರು ಬರೆಯುತ್ತಾರೆ. ಬಸವೇಶ್ವರನಗರದ ಅನುಭವದಲ್ಲಿ ಹೇಳುವುದಾದರೆ, ಬೇಕಾದುದು ಧೈರ್ಯವಲ್ಲ, ಆ ಹಣ ಬೇರೊಂದಕ್ಕೆ ಬೇಕಾಗದಿರುವುದು. ಮದುವೆ, ಶಸ್ತ್ರಚಿಕಿತ್ಸೆ, ಮನೆಯ ಸಾಲದ ಕಂತು ಇವು ಪೇಟೆಯ ಏರಿಳಿತವನ್ನು ಕೇಳಿ ಬರುವುದಿಲ್ಲ.

ಈ ಮಾತಿಗೆ ಅತ್ಯಂತ ದುಃಖದ ನಿದರ್ಶನವೂ ಅದೇ ವ್ಯವಹಾರದಲ್ಲಿದೆ. 980 ರೂಪಾಯಿಗೆ ಮೊದಲು ಮಾರಿದವರು ಸಿದ್ಧಾರ್ಥ ಮತ್ತು ಅವರ ಸಂಸ್ಥೆಗಳು. ಶೇಕಡಾ 20ಕ್ಕಿಂತ ತುಸು ಹೆಚ್ಚಿನ ಪಾಲಿಗೆ ಸುಮಾರು 3,269 ಕೋಟಿ ರೂಪಾಯಿ. ಇಪ್ಪತ್ತು ವರ್ಷ ಹಿಡಿದಿಟ್ಟ, ತಂತ್ರಜ್ಞಾನದ ಹೂಡಿಕೆಯೆಂಬ ದೃಷ್ಟಿಯಿಂದ ಕನ್ನಡಿಗರೊಬ್ಬರು ಮಾಡಿದ ಅತ್ಯುತ್ತಮ ಆಯ್ಕೆಗಳಲ್ಲಿ ಒಂದು. ಆದರೆ ಬಳಗದ ಇತರ ಉದ್ಯಮಗಳ ಮೇಲೆ ಸಾಲದ ಭಾರ ಬೆಳೆದಿತ್ತು. 2015ರಲ್ಲಿ 328 ರೂಪಾಯಿಗೆ ಷೇರು ನೀಡಿದ ಕಾಫಿ ಡೇ ಮೊದಲ ದಿನವೇ ಸುಮಾರು 270ಕ್ಕೆ ಇಳಿದಿತ್ತು. ಗೆದ್ದ ಹೂಡಿಕೆಯ ಫಲ ಸಾಲದ ಕಡೆಗೆ ಹರಿಯಬೇಕಾಯಿತು. ಅದೇ ಜುಲೈ ಕೊನೆಯಲ್ಲಿ ಅವರು ನೇತ್ರಾವತಿಯ ತೀರದಲ್ಲಿ ತೀರಿಕೊಂಡರು. ಒಬ್ಬರ ಅಂತರಂಗದ ನೋವನ್ನು ಅಳೆಯುವ ಅಧಿಕಾರ ನಮಗಿಲ್ಲ. ಆಯ್ಕೆ ಸರಿಯಿದ್ದರೂ ಸಾಲವು ಆಯ್ಕೆಯನ್ನು ನುಂಗಬಲ್ಲದೆಂಬುದನ್ನಷ್ಟೇ ಚರಿತ್ರೆಯ ದೃಷ್ಟಿಯಿಂದ ಹೇಳಬಹುದು. ಗ್ಲೋಬಲ್ ವಿಲೇಜ್ ಕೂಡ ಮುಂದೆ ಬೇರೆಯವರ ಪಾಲಾಯಿತು. 2022ರ ನವೆಂಬರಿನಲ್ಲಿ ಮೈಂಡ್‌ಟ್ರೀ, ಎಲ್.ಟಿ.ಐ. ಸಂಸ್ಥೆಯಲ್ಲಿ ವಿಲೀನವಾಗಿ, 100 ಷೇರಿದ್ದವರಿಗೆ ಹೊಸ ಸಂಸ್ಥೆಯ 73 ಷೇರು ದೊರೆತವು.

ಶ್ರಾವಕನ ಅಣುವ್ರತಗಳಲ್ಲಿ ಪರಿಗ್ರಹಕ್ಕೆ ಪರಿಮಾಣ ಕಟ್ಟಿಕೊಳ್ಳುವುದೊಂದು. ಎಷ್ಟು ಸಾಕೆಂಬ ಗಡಿಯನ್ನು ಸಂಪತ್ತು ಬರುವ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಬಂದ ಮೇಲಲ್ಲ ಎಂಬುದು ಅದರ ಸೂಕ್ಷ್ಮ. ಏರುತ್ತಿರುವ ಷೇರನ್ನು ಕೈಯಲ್ಲಿ ಹಿಡಿದವನು ಗಡಿ ಕಟ್ಟಿಕೊಳ್ಳಲಾರ. ಅವನ ಗಡಿ ದಿನಕ್ಕೊಮ್ಮೆ ಮುಂದಕ್ಕೆ ಸರಿಯುತ್ತದೆ. ಇದು ಪೇಟೆಯ ಸೂತ್ರವಲ್ಲ, ಆದರೆ ಪೇಟೆಯಲ್ಲಿ ನಾನು ಕಂಡ ಎಷ್ಟೋ ಸಂಗತಿಗಳನ್ನು ಅದು ವಿವರಿಸುತ್ತದೆ.

ಹೊಸ ಪೀಳಿಗೆಯ ಉದಾಹರಣೆಗೆ ದೂರ ಹೋಗಬೇಕಿಲ್ಲ. ಇಂದು ವಿಜಯನಗರದ ತರಕಾರಿ ಗಾಡಿಯ ಮೇಲೂ ಕೆಂಗೇರಿಯ ಹೂವಿನ ಬುಟ್ಟಿಯ ಪಕ್ಕದಲ್ಲೂ ಚೌಕುಳಿ ಚಿಹ್ನೆಯ ಹಲಗೆಯಿದೆ. 2016ರಲ್ಲಿ ಆರಂಭವಾದ ಯು.ಪಿ.ಐ. ವ್ಯವಸ್ಥೆಯಷ್ಟು ಬೇಗ ನಮ್ಮ ಜನಜೀವನದಲ್ಲಿ ಬೆರೆತ ತಂತ್ರಜ್ಞಾನ ಮತ್ತೊಂದಿಲ್ಲ. ಈ ಕ್ಷೇತ್ರದ ಮುಂಚೂಣಿಯ ಹೆಸರಾದ ಪೇಟಿಎಂ 2021ರ ನವೆಂಬರ್ 18ರಂದು ಪೇಟೆಗೆ ಬಂದಿತು. 2,150 ರೂಪಾಯಿಗೆ ನೀಡಿದ ಷೇರು ಅದೇ ಸಂಜೆ 1,564ಕ್ಕೆ ಇಳಿದಿತ್ತು. 2024ರ ಜನವರಿ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಅದರ ಸಹಸಂಸ್ಥೆಯಾದ ಪಾವತಿ ಬ್ಯಾಂಕಿನ ಮೇಲೆ ನಿರ್ಬಂಧ ವಿಧಿಸಿದ ಮೇಲೆ 400ಕ್ಕೂ ಕೆಳಗೆ ಬಂದುದುಂಟು. ತಂತ್ರಜ್ಞಾನವು ಇಷ್ಟು ಗೆದ್ದಾಗಲೂ ಹೀಗೇಕೆ? 2020ರ ಜನವರಿಯಿಂದ ಇಂಥ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ. ಸೊಪ್ಪಿನವಳಿಗೆ ಅನುಕೂಲವಾದುದು ಷೇರುದಾರನಿಗೆ ಆದಾಯವಾಗಲಿಲ್ಲ. ಲೋಕಕ್ಕೆ ಒಳಿತಾಗಿ, ಹೂಡಿದವನಿಗೆ ನಷ್ಟವಾಗುವುದು ಸಾಧ್ಯ. ಶಿವನಸಮುದ್ರದ ತಂತಿ ಎಳೆಯುವ ಮೊದಲು ಕೇಳಿದ ಪ್ರಶ್ನೆಯನ್ನು ಇಲ್ಲಿ ಬಹುಮಂದಿ ಕೇಳಿರಲಿಲ್ಲ. ನಮ್ಮ ನಗರದ ಬೈಜೂಸ್ ಸಂಸ್ಥೆಗೆ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು. 2024ರಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅಲ್ಲಿ ಹಣ ಹೂಡಿದ್ದ ವಿದೇಶೀ ಸಂಸ್ಥೆಗಳಲ್ಲಿ ಜಾಣರ ಕೊರತೆಯಿರಲಿಲ್ಲ.

ಬೆಂಗಳೂರು ಷೇರು ವಿನಿಮಯ ಕೇಂದ್ರವೂ 2014ರ ಕೊನೆಯಲ್ಲಿ ತನ್ನ ಕಾರ್ಯ ಮುಗಿಸಿತು. ಈಗ ವ್ಯಾಪಾರ ನಡೆಯುವುದು ಕೈಯೊಳಗಿನ ಫೋನಿನಲ್ಲಿ. ಪಟ್ಟಣಗೆರೆಯಲ್ಲಿ ಮೆಟ್ರೋ ಇಳಿಯುವ ಹುಡುಗ ಹುಡುಗಿಯರು ನಡೆಯುತ್ತಲೇ ಕೊಂಡು ನಡೆಯುತ್ತಲೇ ಮಾರುವುದನ್ನು ನೋಡಿದ್ದೇನೆ.

ಕಳೆದ ವರ್ಷ ಎದುರು ಮನೆಯ ಉಪಾಧ್ಯಾಯರ ಮಗ ಒಂದು ಲಕೋಟೆ ಹಿಡಿದು ಬಂದರು. ತಂದೆಯವರು ಗತಿಸಿ ಕೆಲವು ವರ್ಷಗಳಾದವು. ಪೆಟ್ಟಿಗೆಯ ತಳದಲ್ಲಿ ಪಾಲುಪತ್ರಗಳು ಸಿಕ್ಕಿವೆ, ಇವುಗಳಿಗೆ ಏನಾದರೂ ಬೆಲೆಯಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಅನಂತರ, ಅವರ ತಂದೆಯವರಿಗೆ ಹೇಳಬೇಕಾಗಿದ್ದು ಹೇಳದೆ ಉಳಿದುದನ್ನು ಅವರಿಗೆ ಹೇಳಿದೆ: ಇದನ್ನು ಕೊಳ್ಳಲು ಹೇಳಿದವನು ನಾನು, ಎರಡೇ ತಿಂಗಳಲ್ಲಿ ಮಾರಿದವನೂ ನಾನು. ಅವರು ಪತ್ರಗಳನ್ನು ಮಡಿಸಿ ಲಕೋಟೆಗೆ ಹಾಕಿಕೊಂಡರು. ಕಾಫಿ ಮುಗಿಸಿ, ನಮಸ್ಕಾರ ಹೇಳಿ ಹೊರಟರು.